ವಿಮಾ ಮೊದಲ, ‘ನ’ ಆಮ್ಯಾಲ

ನಮ್ಮ ಅತ್ತೆ ಪೈಲಟ್‌ಗಳ ಹಣಕಾಸು ಸಲಹೆಗಾರರು ಎಂದರೆ ನೀವು ನಂಬಬೇಕು! ಅವರ ಮಾತು ಕೇಳಿ ಸಾಲ ತೀರಿಸಿದವರಿದ್ದಾರೆ, ಕಾರು ಕೊಳ್ಳುವುದನ್ನು ಮುಂದೂಡಿದವರಿದ್ದಾರೆ, ನಿವೃತ್ತಿಯಾದ ಮೇಲೆ ಏನು ಮಾಡುವುದೆಂದು ತಿಳಿಯದೆ ನಾಯಿ ಸಾಕಿದವರೂ ಇದ್ದಾರೆ. ಹಾಗಾದರೆ ಅವರು ಯಾವುದೋ ದೊಡ್ಡ ಊರಿನ ಗಾಜಿನ ಕಟ್ಟಡದಲ್ಲಿ ಕೂತಿರುತ್ತಾರೆ ಎಂದುಕೊಂಡಿರಾ? ಇಲ್ಲ. ರಬಕವಿಯ ಪೇಟೆಯಲ್ಲಿ, ಸೀರೆ ಅಂಗಡಿಯ ಗಾದಿಯ ಮೇಲೆ, ಕಾಲು ಮಡಚಿಕೊಂಡು ಕೂತಿರುತ್ತಾರೆ. ವಿಮಾನವನ್ನಾದರೂ ಹತ್ತಿದ್ದಾರೆಯೇ? ಅದೂ ಇಲ್ಲ. ಅವರು ಇದುವರೆಗೆ ಹತ್ತಿದ ಅತಿ ಎತ್ತರದ ವಾಹನವೆಂದರೆ, ಹಿಪ್ಪರಗಿಯ ಹತ್ತಿರ ಬಸ್ಸು ಕೆಟ್ಟು ನಿಂತಾಗ ಹತ್ತಿದ ಕಬ್ಬಿನ ಟ್ರ್ಯಾಕ್ಟರು. ಅದರ ಮೇಲೆ ಕೂತೂ ಡ್ರೈವರನಿಗೆ, "ತಮ್ಮಾ, ನಿಂದು ವಿಮಾ ಐತಿಲ್ಲೋ?" ಎಂದು ಕೇಳಿದರಂತೆ. ಅವನು ಗಾಬರಿಯಾಗಿ ಮುಂದಿನ ದಾರಿಯನ್ನೆಲ್ಲ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದನಂತೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಾನು ಜಮಖಂಡಿಯ ಬೆಲ್ಲದ ವ್ಯಾಪಾರಿಯ ಮಗಳು, ವಿಮಾನ ಹಾರಿಸುವುದು ನನ್ನ ಕೆಲಸ. ಈ ಎರಡರ ನಡುವಿನ ದಾರಿಯನ್ನು ಹಾಕಿಕೊಟ್ಟವರು ಅತ್ತೆ. ನಾನು ಪೈಲಟ್ ತರಬೇತಿಗೆ ಹೋಗುತ್ತೇನೆ ಎಂದ ದಿನ ನಮ್ಮ ಪಡಸಾಲೆಯಲ್ಲಿ ದೊಡ್ಡ ಪಂಚಾಯಿತಿಯೇ ಸೇರಿತ್ತು. ತರಬೇತಿಯ ಖರ್ಚು ಕೇಳಿ ಅಪ್ಪ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಲ್ಲರ ಮಾತೂ ಮುಗಿದ ಮೇಲೆ ಅತ್ತೆ ಬಾಯಿ ತೆಗೆದರು.

"ಗಾಡಿ ನಿಂದೇನ?"

"ಅಲ್ರಿ ಅತ್ತಿ, ಕಂಪನೀದು."

"ಡಿಸೇಲ್?"

"ಅದೂ ಕಂಪನೀದ."

"ಪಂಕ್ಚರ್ ಆದ್ರ?"

"ಅದೂ ಅವರ ನೋಡ್ಕೋತಾರ್ರಿ."

ಅತ್ತೆ ಅಪ್ಪನ ಕಡೆ ತಿರುಗಿದರು. "ಗಾಡಿ ಅವರದು, ಡಿಸೇಲ್ ಅವರದು, ಪಂಕ್ಚರ್ ಅವರದು. ಬರೇ ಕೂತ ಹೊಡ್ಯಾಕ ಪಗಾರ ಕೊಡ್ತಾರ. ಮತ್ತ ಹಿಂದ ಮುಂದ ಏನ ನೋಡಾಕತ್ತೀಯೋ? ಕಳಸ್ ಹುಡುಗೀನ!"

ಅಪ್ಪ ಪೇಟ ಮತ್ತೆ ತಲೆಯ ಮೇಲಿಟ್ಟುಕೊಂಡರು. ನನ್ನ ಆಕಾಶಯಾನ ಹೀಗೆ ಪಂಕ್ಚರಿನ ಮೇಲೆ ತೀರ್ಮಾನವಾಯಿತು.

ಮನೆಮಗಳು ದೂರ ಹೊರಟಾಗ ನಮ್ಮಲ್ಲಿ ಉಡಿ ತುಂಬುತ್ತಾರೆ. ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಕುಪ್ಪಸದ ಒಂದು ಖಣ ಹಾಕಿ ಹರಸಿ ಕಳಿಸುವುದು. ನಾನು ಹೊರಟ ದಿನ ಪಕ್ಕದ ಮನೆಯ ಕಾಕು ಬಂದು ಉಡಿ ತುಂಬಿದರು. ಅತ್ತೆ ಒಳಗಿನ ಬಾಗಿಲ ಹಿಂದೆ ನಿಂತು ಕ್ರಿಕೆಟ್ಟಿನ ಕಾಮೆಂಟರಿಯಂತೆ ನಿರ್ದೇಶನ ಕೊಡುತ್ತಿದ್ದರು. "ಕೊಬ್ಬರಿ ಬಟ್ಟಲ ಬಲಕ್ಕ ಇಡ. ಖಣದ ಮಡಿಕಿ ಒಳಗ ಬರ್ಲಿ. ಅಕ್ಕಿ ಇನ್ನೊಂದ ಬೊಗಸಿ ಹಾಕ, ಜಿಪುಣತನ ಮಾಡಬ್ಯಾಡ, ಹುಡುಗಿ ಮ್ಯಾಲ ಹೋಗಾಕಿ ಅದಾಳ!" ಮೇಲೆ ಹೋಗುವುದು ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆಯೆಂದು ಎಲ್ಲರಿಗೂ ಒಟ್ಟಿಗೇ ಹೊಳೆದು, ಪಡಸಾಲೆ ಗಪ್ಪಾಯಿತು. ಅವ್ವ ದೇವರ ಕೋಣೆಯ ಕಡೆ ಓಡಿದಳು. ಅತ್ತೆ ಮಾತ್ರ ಬಾಗಿಲ ಹಿಂದಿನಿಂದ, "ಮ್ಯಾಲ ಹೋಗಿ ಕೆಳಗ ಬರ್ತಾಳ, ಪೂರಾ ಕೇಳ್ರಿ!" ಎಂದು ಕೂಗಿದರು. ಅವರೇಕೆ ಬಾಗಿಲ ಹಿಂದೆ ನಿಂತಿದ್ದರು ಎಂದು ನಾನು ಆಗ ಯೋಚಿಸಲಿಲ್ಲ. ನಿರ್ದೇಶಕರು ತೆರೆಯ ಹಿಂದೆಯೇ ಇರುತ್ತಾರಲ್ಲವೇ?

ನಮ್ಮ ಕಡೆ ಇನ್ಶೂರೆನ್ಸಿಗೆ ವಿಮಾ ಎನ್ನುತ್ತಾರೆ. ಅತ್ತೆಯ ಅರ್ಥಶಾಸ್ತ್ರವೆಲ್ಲ ಈ ಒಂದು ಶಬ್ದದ ಮೇಲೆ ನಿಂತಿದೆ. ವಿಮಾನ ಎಂಬ ಮಾತು ಹುಟ್ಟಿದ್ದೇ ವಿಮಾದಿಂದ ಎಂಬುದು ಅವರ ಸಂಶೋಧನೆ. ಅದು ಬೇರೆ ಶಬ್ದ, ಇದು ಬೇರೆ ಶಬ್ದ ಎಂದು ನಾನು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. "ಬರದು ತೋರ್ಸು," ಎಂದರು. ಬರೆದು ತೋರಿಸಿದೆ. ‘ನ’ದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, "ಈಗ ಓದ," ಎಂದರು. ಏನು ಓದಲಿ? "ನೋಡಿದೇನ? ವಿಮಾ ಮೊದಲ, ‘ನ’ ಆಮ್ಯಾಲ. ನಿಮ್ಮ ಸಾಲ್ಯಾಗ ಇದನ್ನ ಕಲಸೂದಿಲ್ಲೇನ?" ನಮ್ಮ ಶಾಲೆಯಲ್ಲಿ ನಿಜಕ್ಕೂ ಕಲಿಸಿರಲಿಲ್ಲ.

ತರಬೇತಿ ಮುಗಿಸಿ, ಇನ್ನೂ ಕೆಲಸಕ್ಕೆ ಸೇರುವ ಮೊದಲು ಒಮ್ಮೆ ರಬಕವಿಗೆ ಹೋಗಿದ್ದೆ. ಮುಂದೆ ದುಡ್ಡುಕಾಸನ್ನು ಹೇಗೆ ನೋಡಿಕೊಳ್ಳುತ್ತೀ ಎಂದು ಅತ್ತೆ ಕೇಳಿದರು. ಈಗಲೇ ಏನು ಅವಸರ, ಕ್ಯಾಪ್ಟನ್ ಆದ ಮೇಲೆ ನೋಡೋಣ ಎಂದೆ. ತಪ್ಪಾಯಿತು! ಅತ್ತೆ ಗಾದಿಯಿಂದ ಎದ್ದು, ಕಪಾಟಿನಿಂದ ಒಂದು ಇಲಕಲ್ ಸೀರೆ ಎಳೆದು, ನನ್ನ ಜೀನ್ಸಿನ ಮೇಲೆಯೇ ಸುತ್ತತೊಡಗಿದರು.

"ಇದು ಒಳಗಿನ ಚುಂಗ. ನಡಕ್ಕ ಸಿಗಿಸಿದ ಮ್ಯಾಲ ಯಾರಿಗೂ ಕಾಣೂದಿಲ್ಲ. ಖರೆ, ಇದು ಸಡ್ಲಾದ್ರ ಮುಂದ ಎಷ್ಟ ಚಂದ ಉಟ್ರೂ ನಡು ಪ್ಯಾಟ್ಯಾಗ ಮಾನಾ ಹೋಗ್ತೈತಿ. ಇದು ನಿನ್ನ ಕಲಿಯೂ ಕಾಲ, ಸಾಲದ ಕಾಲ. ಇದೊಂದ ಸಾಲ ಬಿಗಿದ ಕಟ್ಟು. ಇದರ ಮ್ಯಾಲ ಇನ್ನೊಂದ ಸಾಲ ಸುತ್ತಬ್ಯಾಡ."

ಎಂದವರೇ ಸೀರೆಯನ್ನು ಎಷ್ಟು ಬಿಗಿಯಾಗಿ ಸಿಗಿಸಿದರೆಂದರೆ ನನ್ನ ಉಸಿರು ನಿಂತಿತು. ಆಮೇಲೆ ಬೆರಳುಗಳ ನಡುವೆ ನಿರಿಗೆ ಹಿಡಿಯತೊಡಗಿದರು.

"ಈಗ ನೀ ಕೋ-ಪೈಲಟ್ ಆದಿ. ಸೀರಿ ಅರಿವಿ ಒಮ್ಮಿಗೆ ಬಾಳ ಬರ್ತೈತಿ. ಬಂದದ್ದೆಲ್ಲಾ ಬಿಟ್ಕೊಂಡ ಅಡ್ಡಾಡಿದ್ರ ಕಾಲಿಗೆ ತೊಡರಿ ಬೀಳ್ತಿ. ನಿರಿಗಿ ಹಿಡೀಬೇಕು, ಒಂದರ ಮ್ಯಾಲ ಒಂದ. ಎಷ್ಟ ನಿರಿಗಿ ಅದಾವು ಅನ್ನೂದು ಉಟ್ಟಾಕಿಗೆ ಅಷ್ಟ ಗೊತ್ತಿರಬೇಕು, ನೋಡಾವ್ರಿಗಲ್ಲ."

"ಮತ್ತ ಸೆರಗ ಕ್ಯಾಪ್ಟನ್ನೇನ್ರಿ?" ಎಂದೆ, ಚೇಷ್ಟೆಗೆ.

"ಶಾಣ್ಯಾಕಿ! ಮಂದಿ ನೋಡೂದು ಸೆರಗನ್ನ. ಅದನ್ನ ನೋಡೇ ಬ್ಯಾಂಕಿನವ್ರು, ಕಾರ್ ಮಾರಾವ್ರು, ದೂರದ ಬೀಗರು ಎಲ್ಲಾರೂ ಮನೀಗೆ ಬರ್ತಾರ. ಖರೆ, ಸೆರಗ ಬಿಡೂದು ತೋರಸಾಕಲ್ಲ ಬೇ. ವಯಸ್ಸಾದ ಮ್ಯಾಲ ತಲಿ ತುಂಬ ಹೊದ್ಕೊಳ್ಳಾಕ. ಎಲ್ಲಾ ನಡಕ್ಕ ಸುತ್ತಿ ಮುಗಿಸಿದ್ರ ಸೆರಗ ಗಿಡ್ಡಾಗ್ತೈತಿ. ಆಮ್ಯಾಲ ಎಳದ್ರ ಬರೂದಿಲ್ಲ."

ಈ ಹೊತ್ತಿಗೆ ಬೀಳಗಿಯ ಕಡೆಯ ಒಬ್ಬ ಗಿರಾಕಿ ಹೆಂಗಸು ಅಂಗಡಿಗೆ ಬಂದು ನನ್ನನ್ನು ಮೇಲೆ ಕೆಳಗೆ ನೋಡಿದರು. "ಅಕ್ಕಾರ, ಈ ಗೊಂಬಿ ಮ್ಯಾಲಿನ ಸೀರಿ ಎಷ್ಟಕ್ಕ ಕೊಡ್ತೀರಿ?" ಗೊಂಬೆ! ನಾನು! ಲಕ್ಷಗಟ್ಟಲೆ ಸುರಿದು ಪೈಲಟ್ ಆದವಳು! ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ವ್ಯಾಪಾರ ಕುದುರಿಸಿದರು. ನನ್ನ ಸಾಲದ ಕಾಲ, ಕೋ-ಪೈಲಟ್ ಕಾಲ, ಕ್ಯಾಪ್ಟನ್ ಕಾಲ ಮೂರನ್ನೂ ಸರ್ರನೆ ಬಿಚ್ಚಿ, ಮಡಚಿ, ಚೀಲಕ್ಕೆ ಹಾಕಿ ಕೊಟ್ಟೇಬಿಟ್ಟರು.

ಮುಂಬಯಿಯಲ್ಲಿ ಕೆಲಸಕ್ಕೆ ಸೇರಿ ಮೊದಲ ಪಗಾರ ಕೈಗೆ ಬಂದ ವಾರ ಅತ್ತೆಯ ಫೋನು. ನಾನು ಹೆಮ್ಮೆಯಿಂದ ಹೇಳಿದೆ, "ಅತ್ತಿ, ಒಂದ ಕಾರ್ ತಗೋಬೇಕಂತ ಮಾಡೀನ್ರಿ."

"ಎಲ್ಲಿಗೆ ಹೋಗಾಕ?"

"ವಿಮಾನ ನಿಲ್ದಾಣಕ್ಕ."

"ನಿನ್ನ ಒಯ್ಯಾಕ ಕಂಪನಿ ಗಾಡಿ ಬರೂದಿಲ್ಲೇನ?"

"ಬರ್ತೈತ್ರಿ."

"ಮತ್ತ ಕಾರ್ ಯಾರನ್ನ ಒಯ್ಯಾಕ?" ಅತ್ತೆ ಬಿಡಲಿಲ್ಲ. "ತಂಗಿ, ನೀ ವಿಮಾನ ಹಾರ್ಸು, ರೊಕ್ಕ ಹಾರಸಬ್ಯಾಡ. ಅದಿರ್ಲಿ, ನಿನ್ನ ವಿಮಾನಕ್ಕ ಇಂಜಿನ್ ಎಷ್ಟದಾವ?"

"ಎರಡು."

"ಒಂದ ಬಂದ್ ಬಿತ್ತಂದ್ರ?"

"ಇನ್ನೊಂದರ ಮ್ಯಾಲ ಹೋಗಿ ಇಳಸ್ತೀವ್ರಿ. ಅದನ್ನ ಕಲಿಸಿರ್ತಾರ."

"ಮತ್ತ ಪಗಾರಕ್ಕ ಎಷ್ಟ ಇಂಜಿನ್ ಇಟ್ಟಿ?"

ನಮ್ಮ ಪಗಾರದಲ್ಲಿ ಎರಡು ಭಾಗ. ಒಂದು ತಿಂಗಳು ತಿಂಗಳು ತಪ್ಪದೆ ಬರುವುದು, ಇನ್ನೊಂದು ಹಾರಿದ ಗಂಟೆಗಳಿಗೆ ಬರುವುದು. ಹಾರದಿದ್ದರೆ ಎರಡನೆಯದು ಇಲ್ಲ. ಇದನ್ನು ವಿವರಿಸಿದ್ದೇ ತಡ, ಅತ್ತೆಯ ಆಜ್ಞೆ ಹೊರಟಿತು. ಮನೆಯ ಖರ್ಚು, ಸಾಲದ ಕಂತು ಎಲ್ಲ ಮೊದಲ ಇಂಜಿನ್ ಮೇಲೆ ನಡೆಯಬೇಕು. ಎರಡನೆಯದರ ದುಡ್ಡು ನಿರಿಗೆಗೆ. ಅದೂ ಒಂದೇ ಕಡೆ ಇಡಬಾರದು, ಮತ್ತು ಅದರಲ್ಲಿ ಸ್ವಲ್ಪ ಒಂದು ‘ಕಪ್ಪು ಡಬ್ಬಿ’ಯಲ್ಲಿರಬೇಕು. ಕಪ್ಪು ಡಬ್ಬಿ ಏಕೆ? "ವಿಮಾನದಾಗ ಒಂದ ಕಪ್ಪು ಡಬ್ಬಿ ಇರ್ತೈತಂತ, ಏನ ಆದ್ರೂ ಅದಕ್ಕ ಏನೂ ಆಗೂದಿಲ್ಲಂತ, ಟಿವ್ಯಾಗ ಹೇಳಿದ್ರು. ಪೈಲಟ್ ಮಂದಿ ಎಷ್ಟ ಶಾಣ್ಯಾ ಅನ್ನಿಸ್ತು. ಅದ್ರಾಗ ರೊಕ್ಕ ಇಟ್ಟಿರ್ತಾರ, ಹೌದಿಲ್ಲೋ?" ಅದರಲ್ಲಿ ಇರುವುದು ದುಡ್ಡಲ್ಲ, ವಿಮಾನದ ದಾಖಲೆ ಮತ್ತು ನಮ್ಮ ಮಾತು ಎಂದೆ. ಅತ್ತೆಗೆ ಬಹಳ ನಿರಾಸೆಯಾಯಿತು. "ಬರೇ ಮಾತ ಇಡಾಕ ಅಷ್ಟ ಗಟ್ಟಿ ಡಬ್ಬಿ ಯಾಕ ಬೇಕಿತ್ತು?" ಎಂದು ಫೋನಿಟ್ಟರು.

ನಮ್ಮ ಹಿರಿಯ ಕ್ಯಾಪ್ಟನ್ ಸಾಹೇಬರೊಬ್ಬರು ದೆಹಲಿಯ ಕಡೆಯವರು. ನಿವೃತ್ತಿಗೆ ಹತ್ತಿರವಾಗಿದ್ದರು. ನನ್ನ ತಮ್ಮನ ಮದುವೆಗೆ ಜಮಖಂಡಿಗೆ ಬಂದಾಗ ಅತ್ತೆಯ ಕೈಗೆ ಸಿಕ್ಕರು. ಒಳ್ಳೆಯ ಮನೆ, ಎರಡು ಕಾರು, ಕ್ಲಬ್ಬು, ವರ್ಷಕ್ಕೊಮ್ಮೆ ವಿದೇಶ, ಎಲ್ಲವನ್ನೂ ಅವರು ಹೇಳುತ್ತ ಹೋದರು. ಅತ್ತೆ ಕೇಳುತ್ತ ಕೇಳುತ್ತ ಮುಖ ಸಣ್ಣ ಮಾಡಿಕೊಂಡರು. ಕೊನೆಗೆ ತಮ್ಮ ಹಿಂದಿಯಲ್ಲಿ ತೀರ್ಪು ಕೊಟ್ಟರು. "ಸಾಬ್, ಆಪ್ ಕಾ ಸೆರಗು ಗಿಡ್ಡ ಹೈ!"

ಸಾಹೇಬರು ಗಾಬರಿಯಿಂದ ತಮ್ಮ ಪ್ಯಾಂಟಿನ ಕಡೆ ನೋಡಿಕೊಂಡರು. ನಾನು ಸೀರೆಯ ಸಿದ್ಧಾಂತವನ್ನೆಲ್ಲ ಅವರಿಗೆ ವಿವರಿಸಬೇಕಾಯಿತು. ಅವರು ನಗಲಿಲ್ಲ. ಹಾಗಾದರೆ ಈಗ ಏನು ಮಾಡಲಿ ಎಂದು ಕೇಳಿದರು. ಎರಡರಲ್ಲಿ ಒಂದು ಕಾರು ಮಾರಿ, ಹೊಸ ಸಾಲ ಎತ್ತಬೇಡಿ, ಸಣ್ಣ ಮನೆಗೆ ಹೋಗಿ ಎಂದು ಅತ್ತೆ ಹೇಳಿದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವರು ನಮ್ಮ ಅತ್ತೆಯೇ? "ರಿಟೈರ್ ಆದ ಮ್ಯಾಲ ಯಾರ ಮ್ಯಾಲ ಹುಕುಂ ನಡಸ್ತೀರಿ ಅಂತ ಕೇಳ ಅವರನ್ನ," ಎಂದರು ನನಗೆ. ಜೊತೆಗೆ ಬಂದಿದ್ದ ಹೆಂಡತಿಯ ಕಡೆ ಸಾಹೇಬರು ಕಣ್ಣು ಹೊರಳಿಸಿದ್ದನ್ನು ಅತ್ತೆ ನೋಡಿಬಿಟ್ಟರು. ಎರಡು ದಿನದಲ್ಲಿ ತಿಮ್ಮಾಪುರದಿಂದ ಮುಧೋಳ ನಾಯಿಮರಿ ತರುವ ವ್ಯವಸ್ಥೆಯಾಯಿತು. ಮುಧೋಳ ನಾಯಿ ಗೊತ್ತಲ್ಲ, ಬಾಣ ಬಿಟ್ಟಂತೆ ಓಡುವಂಥದ್ದು. ಅದು ಯಾರ ಹುಕುಮನ್ನೂ ಕೇಳಲಿಲ್ಲ. ಸಾಹೇಬರೇ ಅದರ ಹಿಂದೆ ಓಡಿದರು. ಮುಂದಿನ ವರ್ಷ ಅವರು ಕಳಿಸಿದ ಫೋಟೋದಲ್ಲಿ ಸಾಹೇಬರ ಸೊಂಟ, ನಾಯಿಯ ಸೊಂಟ ಒಂದೇ ಅಳತೆಯದಾಗಿತ್ತು. ಕೆಳಗೆ, ‘ಅತ್ತೆಯವರಿಗೆ ನಮಸ್ಕಾರ, ಸೆರಗು ಉದ್ದವಾಗುತ್ತಿದೆ’ ಎಂದು ಬರೆದಿದ್ದರು.

ಎಲ್ಲವನ್ನೂ ಸಹಿಸಿದೆ, ಆದರೆ ಒಂದು ವಿಷಯದಲ್ಲಿ ಅತ್ತೆ ನನ್ನ ಪ್ರಾಣ ತೆಗೆದರು. ಪೈಲಟ್‌ಗಳು ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಬೇಕು. ಕಣ್ಣು, ಕಿವಿ, ಹೃದಯ, ಯಾವುದರಲ್ಲಿ ಕೊರತೆ ಕಂಡರೂ ಲೈಸನ್ಸ್ ಮಲಗಿಬಿಡುತ್ತದೆ. ಅದಕ್ಕೆಂದೇ ಬೇರೆ ವಿಮೆ ಸಿಗುತ್ತದೆ. ಇದನ್ನು ನಾನು ಮಾತಿನ ಭರದಲ್ಲಿ ಹೇಳಿಬಿಟ್ಟಿದ್ದೆ. ಅಂದಿನಿಂದ ಬೆಳಿಗ್ಗೆ ಎದ್ದರೆ ಅದೇ ರಾಗ. ಜೀವವಿಮೆ ಇದೆಯಲ್ಲ ಎಂದರೆ, "ಜೀವ ಹೋದ್ರ ವಿಮಾ ಐತಿ, ಅದು ನಿನಗ ಬರೂದಿಲ್ಲ. ಜೀವ ಇದ್ದೂ ಲೈಸನ್ಸ್ ಹೋದ್ರ?" ನನಗಿನ್ನೂ ಮೂವತ್ತು ದಾಟಿರಲಿಲ್ಲ, ಕಲ್ಲು ತಿಂದು ಅರಗಿಸುವ ವಯಸ್ಸು. ಆದರೂ ಅತ್ತೆಯ ಬಾಯಿ ಮುಚ್ಚಿಸಲೆಂದೇ ಆ ವಿಮೆ ಮಾಡಿಸಿದೆ. ಇದೊಂದಕ್ಕೆ ಯಾಕಿಷ್ಟು ಹಟ ಎಂದು ಕೇಳಿದ್ದೆ. ಅವರು ಮಡಚಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದರು.

ಕ್ಯಾಪ್ಟನ್ ತರಬೇತಿಗೆ ನನ್ನ ಹೆಸರು ಬಂದ ವರ್ಷವೇ ಅದು ಆಯಿತು. ಒಂದು ಬೆಳಿಗ್ಗೆ ಎದ್ದರೆ ಎಡಗಿವಿಯಲ್ಲಿ ಪವರ್‌ಲೂಮ್ ಓಡಿದಂತೆ ಸದ್ದು. ಸದ್ದು ನಿಂತ ಮೇಲೆ ಏನೂ ಇಲ್ಲ. ಹೀಗೆ ಕಾರಣವಿಲ್ಲದೆ ಕಿವಿ ಹೋಗುವುದುಂಟು, ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗೆ ಇಲ್ಲ ಎಂದರು ವೈದ್ಯರು. ಔಷಧಿ ಕೊಟ್ಟು ಕಾಯಲು ಹೇಳಿದರು. ಕಿವಿ ಬಂದರೆ ವಿಮಾನ, ಬರದಿದ್ದರೆ ಇಲ್ಲ. ಹಾರಾಟ ನಿಂತಿತು. ನಾನು ಹೆದರಿಬಿಟ್ಟೆ. ಬಾಲ್ಯದಿಂದ ನನಗೆ ಬೇಕಾಗಿದ್ದದ್ದು ಅದೊಂದೇ. ಅದಿಲ್ಲದೆ ನಾನು ಯಾರು ಎಂಬುದೇ ನನಗೆ ಗೊತ್ತಿರಲಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಆ ದಿನಗಳಲ್ಲಿ ಕಿವಿಗಾಗಿ ಹೆದರಿದೆನೇ ಹೊರತು ಹೊಟ್ಟೆಗಾಗಿ ಹೆದರಲಿಲ್ಲ. ಎರಡನೆಯ ಇಂಜಿನ್ ಬಂದ್ ಆಗಿತ್ತು, ಮೊದಲನೆಯದರ ಮೇಲೆ ಮನೆ ನಡೆಯಿತು. ಸಂಬಳದ ರಜೆ ಮುಗಿದು ಮೊದಲನೆಯದೂ ಸೊರಗತೊಡಗಿದಾಗ ಅತ್ತೆಯ ಕಾಟಕ್ಕೆ ಮಾಡಿಸಿದ ವಿಮೆ ಕೈ ಹಿಡಿಯಿತು. ಕಾರಿನ ಕಂತು ಕಟ್ಟುವುದಿರಲಿಲ್ಲ, ಏಕೆಂದರೆ ಕಾರೇ ಇರಲಿಲ್ಲ! ಪುಣ್ಯಾತ್ಗಿತ್ತಿ ಅತ್ತೆ! ನನ್ನ ಜೊತೆಯ ಕೆಲವರು ಇಂಥದೇ ಹೊತ್ತಿನಲ್ಲಿ ಎಷ್ಟು ಒದ್ದಾಡಿದ್ದರೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಮುಂಬಯಿಯ ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡಬೇಡ ಎಂದು ಅತ್ತೆ ನನ್ನನ್ನು ರಬಕವಿಗೆ ಕರೆಸಿಕೊಂಡರು. ಕಿವಿಗೆ ವಿಶ್ರಾಂತಿ ಕೊಡಲು ರಬಕವಿ! ಮನೆ ಮನೆಯಲ್ಲೂ ಮಗ್ಗ ಖಟಖಟ ಎನ್ನುವ ಊರು! ಅದಕ್ಕಿಂತ ದೊಡ್ಡ ಸಂಕಟ ಅತ್ತೆಯದೇ. ಇಷ್ಟು ವರ್ಷ ಅವರ ಮಾತನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡುತ್ತಿದ್ದೆ. ಈಗ ಬಿಡಲು ಕಿವಿಯೇ ಇಲ್ಲ! ಒಳಗೆ ಹೋದದ್ದೆಲ್ಲ ಅಲ್ಲೇ ಉಳಿಯತೊಡಗಿತು. ಹೀಗೆಂದು ಅತ್ತೆಗೆ ಹೇಳಿದರೆ, "ದೇವರು ಸುಮ್ಮನ ಏನೂ ಮಾಡೂದಿಲ್ಲ," ಎಂದು ಕೈ ಮುಗಿದರು.

ಅಂಗಡಿಯಲ್ಲಿ ನನಗೆ ಒಂದು ಕೆಲಸವೂ ಸಿಕ್ಕಿತು. ಗಿರಾಕಿಗಳ ಕಡೆಗೆ ನನ್ನ ಎಡಗಿವಿ ಬರುವಂತೆ ಅತ್ತೆ ನನ್ನನ್ನು ಗಾದಿಯ ತುದಿಗೆ ಕೂರಿಸಿದರು. ಯಾರಾದರೂ ಚೌಕಾಶಿಗೆ ಇಳಿದರೆ, "ಈಕಿನ್ನ ಕೇಳ್ರಿ, ಇವತ್ತ ರೇಟ್ ಈಕಿ ಕೈಯಾಗ ಐತಿ," ಎಂದು ತೋರಿಸಿಬಿಡುವುದು. ಅವರು ಎಷ್ಟು ಇಳಿಸಿ ಕೇಳಿದರೂ ಮಗ್ಗಗಳ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ನಾನು ನಗುತ್ತ ಕೂತಿರುತ್ತಿದ್ದೆ. ಪಾಪ, ಇಷ್ಟು ಗಟ್ಟಿ ವ್ಯಾಪಾರಗಾರ್ತಿಯನ್ನು ತಾವು ಕಂಡೇ ಇಲ್ಲವೆಂದು ಜನ ಕೇಳಿದಷ್ಟು ಕೊಟ್ಟು ಹೋಗುತ್ತಿದ್ದರು!

ದಿನಾ ಅಂಗಡಿಯ ಕದ ತೆಗೆದ ಮೇಲೆ ಅತ್ತೆಯದೊಂದು ಪರೀಕ್ಷೆ. ನನ್ನ ಎಡಗಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಯಾವುದೋ ಸೀರೆಯ ಬೆಲೆ ಹೇಳುವುದು. ಆಮೇಲೆ ಎದುರಿಗೆ ಬಂದು ನಿಂತು, "ಏನಂದೆ, ಹೇಳ?" ಎನ್ನುವುದು. ಮೊದಲು ಏನೂ ಕೇಳಿಸುತ್ತಿರಲಿಲ್ಲ, ಉಸಿರಿನ ಬಿಸಿ ಮಾತ್ರ ತಗಲುತ್ತಿತ್ತು. ನಾನು ಊಹಿಸಿ ಏನೋ ಒಂದು ಬೆಲೆ ಹೇಳುತ್ತಿದ್ದೆ. "ಇಷ್ಟಕ್ಕ ಕೊಟ್ರ ಅಂಗಡಿ ಮುಚ್ಚಬೇಕಾಗ್ತೈತಿ!" ಎಂದು ಬೈದು, ವಿಭೂತಿ ಹಣೆಯ ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಓಣಿಯಲ್ಲಿ ಯಾರದೋ ಮನೆಯ ಉಡಿ ತುಂಬುವ ಕಾರ್ಯಕ್ಕೆ ಸೀರೆ, ಖಣ ಕಟ್ಟಿ ಕಳಿಸಿ ಅತ್ತೆ ಸುಮ್ಮನೆ ಕೂತಿದ್ದರು. ನನಗೆ ಏನಾಯಿತೋ, ಅಳು ಬಂದುಬಿಟ್ಟಿತು. "ಅತ್ತಿ, ಲೈಸನ್ಸ್ ಬರಲಿಲ್ಲಂದ್ರ ನಾ ಏನ ಮಾಡ್ಲಿ? ಅದೊಂದ ಬಿಟ್ರ ನಾ ಯಾರ್ರಿ?" ಎಂದೆ.

ಸಮಾಧಾನ ಹೇಳುತ್ತಾರೆ ಎಂದುಕೊಂಡೆ. ಅತ್ತೆ ನನ್ನ ಬಲಗಿವಿಯ ಕಡೆ, ಕೇಳುವ ಕಿವಿಯ ಕಡೆ, ಸರಿದು ಕೂತರು.

"ಮೊದಲ ಈ ಓಣ್ಯಾಗ ಯಾರ ಮನ್ಯಾಗ ಉಡಿ ತುಂಬೂದಿದ್ರೂ ನನ್ನ ಕರೀತಿದ್ರು. ನನ್ನ ಕೈ ಛಲೋ ಅಂತಿದ್ರು. ಬಸರಿ ಹೆಂಗಸ್ರು ಬನಹಟ್ಟಿಯಿಂದ ನಡಕೊಂತ ಬರ್ತಿದ್ರು, ನನ್ನ ಕೈಲೆ ತುಂಬಸ್ಕೊಳ್ಳಾಕ. ನಿಮ್ಮ ಮಾವ ಹೋದ್ರು. ಮರದಿನದಿಂದ ಒಬ್ರೂ ಕರೀಲಿಲ್ಲ. ಯಾರ ತಪ್ಪೂ ಅಲ್ಲ ಬಿಡು, ಶಾಸ್ತ್ರ ಹಂಗ ಐತಿ. ಅವ ಕೈ, ಅದ ಅಕ್ಕಿ. ಒಂದ ದಿನದಾಗ ಲೈಸನ್ಸ್ ಹೋತು ನೋಡ ನಂದು. ಅದಕ್ಕ ಯಾವ ವಿಮಾನೂ ಇರಲಿಲ್ಲ."

ಎಂದು ಎದ್ದು ಕಪಾಟಿನ ಧೂಳು ಕೊಡವತೊಡಗಿದರು. ನಾನು ತರಬೇತಿಗೆ ಹೊರಟ ದಿನದ ಬಾಗಿಲ ಹಿಂದಿನ ಆ ನಿರ್ದೇಶಕರು ನನಗೆ ಆಗ ಕಂಡರು. ಈ ವಿಮೆಯ ಹುಚ್ಚು, ಈ ಹಟ, ಈ ಕಾಟ ಎಲ್ಲ ಎಲ್ಲಿಂದ ಬಂದದ್ದೆಂದು ಗೊತ್ತಾಯಿತು. ತಮಗೆ ಇಲ್ಲದ್ದನ್ನು ಅವರು ನನಗೆ ಮೊದಲೇ ಮಾಡಿಸಿಟ್ಟಿದ್ದರು.

ಕಿವಿ ಮೆಲ್ಲ ಮೆಲ್ಲಗೆ ಬಂತು. ಮೊದಲು ಮಗ್ಗದ ಸದ್ದು, ಆಮೇಲೆ ಬಸ್ಸಿನ ಹಾರ್ನು. ಆಮೇಲೆ ಒಂದು ಬೆಳಿಗ್ಗೆ ಅತ್ತೆ ಪಿಸುಗುಟ್ಟಿದ ಬೆಲೆಯನ್ನು ನಾನು ಸರಿಯಾಗಿ ಹೇಳಿದೆ. ಅತ್ತೆ ನಂಬಲಿಲ್ಲ. ಇನ್ನೊಂದು ಬೆಲೆ ಹೇಳಿದರು, ಅದೂ ಸರಿ. ಗಾದಿಯ ಮೇಲೆ ಕುಸಿದು ಕೂತು, "ಅಯ್ಯ, ಇನ್ನ ಮ್ಯಾಲ ಚೌಕಾಶಿ ಕೇಳಸ್ತೈತಲ್ಲ ನಿನಗ!" ಎಂದು ಕಣ್ಣೊರೆಸಿಕೊಂಡರು. ಮುಂಬಯಿಗೆ ಹೋಗಿ ಪರೀಕ್ಷೆಗೆ ಕೂತೆ. ಸದ್ದೇ ಬಾರದ ಸಣ್ಣ ಕೋಣೆಯಲ್ಲಿ, ಕಿವಿಗೆ ಬರುವ ಸಣ್ಣ ಸಣ್ಣ ಸ್ವರಗಳಿಗೆ ಗುಂಡಿ ಒತ್ತಬೇಕು. ಅತ್ತೆಯ ಪಿಸುಮಾತಿಗೆ ಹೋಲಿಸಿದರೆ ಅವು ಜಾಗಟೆ! ವೈದ್ಯರು ಹಾರಾಟಕ್ಕೆ ಯೋಗ್ಯಳೆಂದು ಸಹಿ ಹಾಕಿದರು.

ಮತ್ತೆ ಕೆಲಸಕ್ಕೆ ಹಾಜರಾಗುವ ಮೊದಲು ಜಮಖಂಡಿಗೆ ಬಂದೆ. ಹೊರಡುವ ದಿನ ಯೂನಿಫಾರ್ಮಿನಲ್ಲೇ ಹೊರಡಬೇಕೆಂದು ಅತ್ತೆಯ ಆಜ್ಞೆ. "ಕಿವುಡಿ ಆದ್ಲಂತ, ಮನ್ಯಾಗ ಕುಂತಾಳಂತ ಅಂದೋರೆಲ್ಲಾ ನೋಡ್ಲಿ. ಇವತ್ತ ಸೆರಗ ತೋರ್ಸೂ ದಿನ!" ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ, ಕಪ್ಪು ಪ್ಯಾಂಟು, ತಲೆಯ ಮೇಲೆ ಟೋಪಿ ಹಾಕಿಕೊಂಡು ಪಡಸಾಲೆಗೆ ಬಂದೆ. ಅವ್ವ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಖಣ ಇಟ್ಟುಕೊಂಡು ಪಕ್ಕದ ಮನೆಯ ಕಾಕುವಿನ ದಾರಿ ನೋಡುತ್ತಿದ್ದಳು. ಅತ್ತೆ ಆಗಲೇ ಒಳಗಿನ ಬಾಗಿಲ ಹಿಂದೆ ಜಾಗ ಹಿಡಿದಾಗಿತ್ತು.

"ಅವ್ವಾ, ಉಡಿ ಅತ್ತಿ ತುಂಬಲಿ," ಎಂದೆ.

ಬಾಗಿಲ ಹಿಂದಿನಿಂದ, "ಹುಚ್ಚಿ! ಶುಭ ಕೆಲಸದಾಗ ಏನೇನರೆ ಅನಬ್ಯಾಡ. ಶಾಸ್ತ್ರ ಐತಿ," ಎಂಬ ದನಿ ಬಂತು. ಅದರಲ್ಲಿ ಎಂದಿನ ಜೋರಿರಲಿಲ್ಲ.

ನಾನು ಬಾಗಿಲ ಹತ್ತಿರ ಹೋದೆ. "ಅತ್ತಿ, ನನಗ ಉಡೀನ ಇಲ್ರಿ. ನೋಡ್ರಿ, ಪ್ಯಾಂಟ್ ಹಾಕ್ಕೊಂಡೀನಿ, ಸೆರಗ ಎಲ್ಲೈತಿ?" ಎಂದು ತಲೆಯ ಮೇಲಿನ ಟೋಪಿ ತೆಗೆದು, ಅಂಗಾತ ತಿರುಗಿಸಿ, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದೆ. "ಉಡಿಗೆ ಶಾಸ್ತ್ರ ಐತ್ರಿ. ಟೋಪಿಗೆ ಯಾವ ಶಾಸ್ತ್ರ ಐತಿ?"

ಅತ್ತೆ ಟೋಪಿಯನ್ನು ನೋಡಿದರು, ಅವ್ವನನ್ನು ನೋಡಿದರು. ಅವ್ವ ಬಂದು ತಟ್ಟೆಯನ್ನು ಅವರ ಕೈಗೆ ಕೊಟ್ಟಳು.

"ಇಷ್ಟ ವರ್ಷ ನಾ ಗಿರಾಕಿಗೆ ಹಾಕಿದ್ದೆ," ಎಂದರು ಅತ್ತೆ. "ಈಗ ನೀ ನನಗ ಟೋಪಿ ಹಾಕಾಕತ್ತಿಯೇನ ಬೇ?"

"ಹೌದ್ರಿ," ಎಂದೆ.

ಅವರು ಬಾಗಿಲ ಹಿಂದಿನಿಂದ ಪಡಸಾಲೆಗೆ ಬಂದು, ಎಲ್ಲರ ನಡುವೆ ನಿಂತು, ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು ಟೋಪಿಗೆ ಸುರಿದರು. ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಕೊಬ್ಬರಿ ಬಟ್ಟಲನ್ನು ಬಲಕ್ಕೆ ಇಟ್ಟರು, ಅರಿಷಿಣ ಕೊಂಬು ಇಟ್ಟರು. ಖಣದ ಮಡಿಕೆಯನ್ನು ಒಳಗೆ ಮಾಡಿ ಮೇಲೆ ಹೊದಿಸಿದರು. ಯಾರ ನಿರ್ದೇಶನವೂ ಬೇಕಾಗಲಿಲ್ಲ. ಆಮೇಲೆ ಅಂಗಡಿಯಲ್ಲಿ ದಿನಾ ಮಾಡುತ್ತಿದ್ದಂತೆ ನನ್ನ ಎಡಗಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದರು.

"ಲೈಸನ್ಸ್ ಬಂತು, ಮಗಳ."

ಎದುರಿಗೆ ಬಂದು ನಿಂತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಏನಂದೆ, ಹೇಳ?" ಎಂದರು.

ನನಗೆ ಒಂದೊಂದು ಅಕ್ಷರವೂ ಕೇಳಿಸಿತ್ತು.

"ಕೇಳಸಲಿಲ್ರಿ ಅತ್ತಿ," ಎಂದೆ. "ಇನ್ನೊಮ್ಮಿ ಹೇಳ್ರಿ."